ಹುಡುಗಿ ಛಾಪಿನ ಎಣ್ಣೆ

ಮುಂಬಯಿಯ ಮಲಾಡಿನಲ್ಲಿದ್ದ ನಮ್ಮ ಚಾಳಿನ ಕೊನೆಯ ಎರಡು ಖೋಲಿಗಳಲ್ಲಿ ಒಂದು ನಮ್ಮದು, ಇನ್ನೊಂದು ಎಣ್ಣೆಯವರದು. ನಡುವೆ ಇದ್ದದ್ದು ಹಲಗೆಯ ಗೋಡೆ. ಅವರ ಮನೆಯಲ್ಲಿ ಒಂದೆಲಗ ಅರೆದರೆ ನಮ್ಮ ಚಹಾಕ್ಕೂ ಸೊಪ್ಪಿನ ವಾಸನೆ ಬರುತ್ತಿತ್ತು. ಐವತ್ತರ ದಶಕದ ನಡುವಿನ ಕೆಲವು ವರ್ಷ ನಾವು ಅಲ್ಲಿದ್ದೆವು. ನಾನು ಫೋರ್ಟಿನ ಒಂದು ಸಣ್ಣ ಪತ್ರಿಕೆಯಲ್ಲಿ ರಾತ್ರಿ ಪಾಳಿಗೆ ಹೋಗುತ್ತಿದ್ದೆ. ಆದ್ದರಿಂದ ಚಾಳಿನ ಗಂಡಸರೆಲ್ಲ ಲೋಕಲ್ ಹಿಡಿದು ಹೋದ ಮೇಲಿನ ಮಧ್ಯಾಹ್ನಗಳನ್ನು ಮನೆಯಲ್ಲೇ ಕಳೆಯುತ್ತಿದ್ದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಆ ಮಧ್ಯಾಹ್ನಗಳಲ್ಲಿ ಕಂಡದ್ದು ಮತ್ತು ಕೇಳಿದ್ದು. ನಾನು ಕಾಣದ್ದನ್ನು ಬರೆದಲ್ಲಿ, ಅದನ್ನು ಯಾರು ಹೇಳಿದರೆಂದೂ ಬರೆದಿದ್ದೇನೆ.

ಎಣ್ಣೆಯವರು ಉಡುಪಿ ಕಡೆಯವರು. ಮದುವೆಯಾದ ವರ್ಷವೇ ಮುಂಬಯಿಗೆ ಬಂದು, ಬೇರೆಯವರ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ ಹದಿನೈದು ವರ್ಷಕ್ಕೂ ಮಿಕ್ಕಿ ನಿಂತವರು. ಕಾವಲಿಯ ಝಳಕ್ಕೆ ಕಣ್ಣು ಉರಿಯತೊಡಗಿ ಕೆಲಸ ಬಿಡಬೇಕಾಯಿತು. ಅವರ ಹೆಂಡತಿ ಯುದ್ಧ ಮುಗಿದ ಮೇಲೆ ಊರಿಂದ ಬಂದು ಸೇರಿಕೊಂಡಿದ್ದರು. ನನ್ನ ಹೆಂಡತಿ ಅವರನ್ನು ‘ಅಕ್ಕಾರ’ ಎನ್ನುತ್ತಿದ್ದಳು; ನಾನೂ ಅಕ್ಕ ಎಂದೇ ಬರೆಯುತ್ತೇನೆ. ಗಂಡನ ಉರಿಗೆಂದು ಅಕ್ಕ ಊರಿನ ಕ್ರಮದಲ್ಲಿ ತಲೆಗೆ ಹಚ್ಚುವ ಎಣ್ಣೆ ಕಾಸಿದರು. ಒಂದೆಲಗ, ಗರುಗದ ಸೊಪ್ಪು, ನೆಲ್ಲಿಕಾಯಿ, ತೆಂಗಿನೆಣ್ಣೆ, ಎಲ್ಲವೂ ಕಂಚಿನ ಉರುಳಿಯಲ್ಲಿ. ಎಣ್ಣೆ ಹದಕ್ಕೆ ಬಂತೆಂದು ಅವರು ನೋಡಿ ತಿಳಿಯುತ್ತಿರಲಿಲ್ಲ, ಕೇಳಿ ತಿಳಿಯುತ್ತಿದ್ದರು. ನೀರಿನಂಶ ಇರುವವರೆಗೆ ಉರುಳಿ ಚಟಪಟ ಎನ್ನುತ್ತದೆ. ಸದ್ದು ನಿಂತ ಕ್ಷಣ ಇಳಿಸಬೇಕು. ಅಕ್ಕ ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಿದ್ದರೂ ಸರಿಯಾಗಿ ಆ ಕ್ಷಣಕ್ಕೆ ಏಳುತ್ತಿದ್ದರು.

ಎಣ್ಣೆಯನ್ನು ಮೊದಲು ಚಾಳಿನ ಹೆಂಗಸರು ಬೇಡಿ ಒಯ್ದರು. ಆಮೇಲೆ ಎಣ್ಣೆಯವರ ಹಳೆಯ ಬಳಗದ ಹೋಟೆಲಿನವರು ಒಂದೆರಡು ಬಾಟಲಿ ಗಲ್ಲಾದ ಮೇಲೆ, ಸೋಂಪಿನ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡರು. ಆಗ ಪಾನನಿಷೇಧವಿತ್ತು; ಒಮ್ಮೆ ದಾರೂಬಂದಿಯ ಹವಾಲದಾರನೊಬ್ಬ ಕಳ್ಳಭಟ್ಟಿಯೆಂದು ವಾಸನೆ ಹಿಡಿದು ಬಂದು, ಉರುಳಿಗೆ ಬೆರಳದ್ದಿ, ನೆಕ್ಕಿ ನೋಡಿ, ಬೈಯುತ್ತ ಹೋಗಿದ್ದ. ಮುಂದಿನ ವಾರ ಅವನ ಹೆಂಡತಿಯೇ ಬಾಟಲಿ ತಂದು ನಿಂತಳು.

ಬ್ರಾಂಡಿನ ಮಾತು ಬಂದದ್ದು ಒಂದು ಜಗಳದಿಂದ. ಗೋರೆಗಾಂವಿನ ಅಂಗಡಿಯವನೊಬ್ಬ ಅಕ್ಕನ ಖಾಲಿ ಬಾಟಲಿಗಳಿಗೆ ಬೇರೆ ಯಾವುದೋ ಎಣ್ಣೆ ತುಂಬಿಸಿ ಮಾರಿದ. ಕೂದಲು ಜಿಗುಟಾದ ಮರಾಠಿ ಹೆಂಗಸೊಬ್ಬಳು ಚಾಳಿನವರೆಗೂ ಬಂದು ಕೂಗಾಡಿದಳು. ಅದು ನಮ್ಮದಲ್ಲ ಎಂದು ಅಕ್ಕ ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಅವಳು ಹೋದ ಮೇಲೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಆಕೀದೂ ತಪ್ಪಿಲ್ಲ ಬಿಡ್ರಿ ಅಕ್ಕಾರ” ಎಂದಳು. “ಬಾಟ್ಲಿ ಮ್ಯಾಲೆ ಏನರ ಐತೇನು? ಬೋಳ್ ಬಾಟ್ಲಿ. ಬೋಳ್ ಬಾಟ್ಲಿ ಯಾರದ್ ಬೇಕಾದ್ರೂ ಆಗಬಹುದು.”

ಎಣ್ಣೆಯವರಿಗೆ ಅದು ನಾಟಿತು. ಅವತ್ತೇ ನನ್ನನ್ನು ಕರೆದರು. “ಪೇಪರಿನವರೇ, ಹೆಸರು ಬೇಕು ಮಾರಾಯ್ರೆ. ಚಿತ್ರವೂ ಬೇಕು. ನಮ್ಮ ಗಿರಾಕಿಗಳಲ್ಲಿ ಓದುವವರು ಎಷ್ಟು ಜನ ಹೇಳಿ.”

ನಾನು ಆನೆ ಅಂದೆ. ಆನೆಯ ಬೆಂಕಿಪೆಟ್ಟಿಗೆ ಉಂಟು ಅಂದರು. ಕಮಲ ಅಂದೆ. ಕಮಲದ ಸಾಬೂನು ಉಂಟು. ನವಿಲು, ಚಂದ್ರ, ಕನ್ನಡಿ, ಗಂಟೆ, ಎಲ್ಲವೂ ಯಾರದೋ ಆಗಿ ಹೋಗಿದ್ದವು. ಅಕ್ಕ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತದೆ ಹೇಳಿದರು, “ಅವಳ ಹೆಸರು ಇಡಿ. ಅವಳ ಮುಖ ಹಾಕಿ.”



ಆ ಸಂಜೆ ಎಣ್ಣೆಯವರು ಸ್ಟೇಷನ್ನಿನವರೆಗೆ ನನ್ನ ಜೊತೆ ಬಂದರು. ದಾರಿಯಲ್ಲಿ ಹೇಳಿದ್ದು ಇಷ್ಟು. ಅವರಿಗೆ ಒಬ್ಬಳು ಮಗಳಿದ್ದಳು. ಅವರು ಮುಂಬಯಿಗೆ ಬಂದ ಮೇಲೆ ಊರಲ್ಲಿ ಹುಟ್ಟಿ, ಎಂಟು ತಿಂಗಳಿಗೆ ಜ್ವರ ಬಂದು ಹೋದವಳು. “ಹುಟ್ಟಿದ ಕಾಗದ ಬಂತು. ರಜೆ ಕೇಳಿದೆ. ಮಳೆಗಾಲ ಕಳೆಯಲಿ ಅಂದರು, ಕಳೆಯಿತು. ದೀಪಾವಳಿ ಕಳೆಯಲಿ ಅಂದರು. ಅಷ್ಟರಲ್ಲಿ ಎರಡನೇ ಕಾಗದ ಬಂತು.”

“ಅಂದ್ರ ನೀವು ನೋಡಲೇ ಇಲ್ಲ?”

“ಇಲ್ಲ.”

“ಫೋಟೋ?”

“ಎಂಟು ತಿಂಗಳ ಕೂಸಿನ ಫೋಟೋ ನಮ್ಮಲ್ಲಿ ಯಾರು ತೆಗೀತಾರೆ?”

ಹಾಗಾದರೆ ಯಾರ ಚಿತ್ರ ಬರೆಯುವುದು ಎಂದು ಕೇಳಿದೆ. ಅವರು ರೈಲಿನ ವೇಳೆ ಹೇಳುವಂತೆ ಹೇಳಿದರು, “ಅವಳದ್ದೇ. ಈಗ ಹೇಗಿದ್ದಾಳೋ ಹಾಗೆ. ಈಗ ಅವಳಿಗೆ ಇಪ್ಪತ್ತು.”

ನಾನು ಧಾರವಾಡ ಕಡೆಯವನು. ಇದು ನನಗೆ ಹೊಸದು. ಅವರ ಕಡೆಯಲ್ಲಿ ಸತ್ತ ಮಗು ಮಗುವಾಗಿಯೇ ಉಳಿಯುವುದಿಲ್ಲವಂತೆ. ಅಲ್ಲಿಯೂ ವರ್ಷಕ್ಕೆ ವರ್ಷ ಬೆಳೆಯುತ್ತದೆ. ಮನೆಯವರು ಎಲ್ಲಿದ್ದರೆ ಅಲ್ಲಿರುತ್ತದೆ. ಅದನ್ನು ಕುಲೆ ಎನ್ನುತ್ತಾರೆ. ಹೆದರುವಂಥದ್ದೇನಲ್ಲ, ಮನೆಯವರಲ್ಲಿ ಒಬ್ಬರು, ಅಷ್ಟೇ ಎಂದರು.

ದಾದರಿನಲ್ಲಿ ನಮ್ಮ ಪತ್ರಿಕೆಯ ಜಾಹೀರಾತಿಗೆ ಚಿತ್ರ ಬರೆದುಕೊಡುವ ಮರಾಠಿ ಕಲಾವಿದನಿದ್ದ. ಗಂಡಹೆಂಡತಿಯನ್ನು ಅವನಲ್ಲಿಗೆ ಕರೆದುಕೊಂಡು ಹೋದೆ. ಒಟ್ಟು ಮೂರು ಸಲ ಹೋದೆವು. ಮೊದಲ ಸಲ ಅವನು ಅಕ್ಕನ ಹಣೆ, ಎಣ್ಣೆಯವರ ಮೂಗು ಸೇರಿಸಿ ಒಂದು ಮುಖ ಬರೆದ. ಅಕ್ಕ ನೋಡಿ ತಲೆ ಅಲ್ಲಾಡಿಸಿದರು. “ಕಿವಿ ಹೀಗಲ್ಲ. ಹಾಲೆ ಸಣ್ಣ.” ಅವನು ತಿದ್ದಿದ. “ಕೂದಲು ಬೈತಲೆಯ ಹತ್ತಿರ ಸ್ವಲ್ಪ ಸುರುಳಿ.” ತಿದ್ದಿದ. ಎರಡನೆಯ ಸಲ, “ಕೆನ್ನೆ ಇಷ್ಟು ಇಲ್ಲ. ಹೋದ ವರ್ಷ ಇತ್ತು. ಈಗ ಇಳಿದಿದ್ದಾಳೆ” ಎಂದರು. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಕಲಾವಿದನಿಗೆ ಬೇಸರ ಬಂದಿತ್ತು.

“ಬಾಯೀ, ಉಸ್ಕೋ ಲೇಕೆ ಆವೋ ನಾ. ಆಧೇ ಘಂಟೇ ಕಾ ಕಾಮ್.”

ಹುಡುಗಿಯನ್ನೇ ಕರೆತನ್ನಿ, ಅರ್ಧ ಗಂಟೆಯ ಕೆಲಸ ಎಂದದ್ದು ಅಕ್ಕನಿಗೆ ತಿಳಿಯಿತು. “ಅವಳು ಬಂದಿದ್ದಾಳೆ” ಎಂದರು. ನಾನು ಅದನ್ನು ತಿರುಗಿಸಲಿಲ್ಲ; ಅವಳು ಹೊರಗೆ ಬರುವುದಿಲ್ಲ ಎಂದು ಹೇಳಿದೆ. ಭಾಷಾಂತರದಲ್ಲಿ ನಾನು ಮಾಡಿದ ಆ ತಪ್ಪು ನನಗೆ ಇಂದಿಗೂ ನೆನಪಿದೆ.

ಮೂರನೆಯ ಸಲ ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಏನೂ ಹೇಳದೆ ಗಂಡನ ಕಡೆಗೆ ಚಾಚಿದರು. ಎಣ್ಣೆಯವರು ಕೈ ಒರೆಸಿಕೊಂಡರು, ಕೈಯಲ್ಲಿ ಏನೂ ಇರದಿದ್ದರೂ. ಆಮೇಲೆ ತೆಗೆದುಕೊಂಡು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಕಲಾವಿದ ಕುಂಚ ತೊಳೆದು, ಚಹಾ ಹೇಳಿ ಕಳಿಸಿ, ಚಹಾ ಬಂದು, ಅದೂ ಆರಿತು.

“ಇವಳಾ?” ಎಂದರು ಹೆಂಡತಿಗೆ.

“ಹ್ಞೂ, ಇವಳೇ” ಎಂದರು ಅಕ್ಕ.

ಆ ಮುಖವನ್ನು ಅಚ್ಚು ಹಾಕಲು ಸತುವಿನ ಬ್ಲಾಕ್ ಮಾಡಿಸಿದೆವು. ಚೀಟಿ ಎರಡು ಬಣ್ಣದ್ದು, ಹಸಿರು ಮತ್ತು ಕಪ್ಪು. ಮೇಲೆ ಹುಡುಗಿಯ ಹೆಸರು ಕನ್ನಡ, ಮರಾಠಿ, ಗುಜರಾತಿಯಲ್ಲಿ. ನಡುವೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಮುಖ. ಕೆಳಗೆ ಎಣ್ಣೆಯ ಗುಣ. ಕರಡು ತಿದ್ದಿದ್ದು ನಾನು. ಹೆಸರು ಯಾರೂ ಓದಲಿಲ್ಲ. ಮೂರು ತಿಂಗಳೊಳಗೆ ಅದು ಮಲಾಡಿನಿಂದ ಅಂಧೇರಿಯವರೆಗೆ ‘ಮುಲ್ಗೀ ಛಾಪ್’ ಆಯಿತು. ನಮ್ಮವರ ಬಾಯಲ್ಲಿ ‘ಹುಡುಗಿ ಎಣ್ಣೆ’. ಬೇರೆಯವರು ಬಾಟಲಿ ತುಂಬಿಸಿ ಮಾರುವುದು ನಿಂತಿತು, ಏಕೆಂದರೆ ಹೆಂಗಸರು ಮುಖ ನೋಡಿ ಕೇಳುತ್ತಿದ್ದರು, ಮುಖವಿಲ್ಲದ್ದನ್ನು ಮುಟ್ಟುತ್ತಿರಲಿಲ್ಲ. ಹೋಟೆಲಿನ ಗಲ್ಲಾಗಳ ಮೇಲೆ ಹುಡುಗಿ ಸಾಲಾಗಿ ಕೂತಳು.

ಎಣ್ಣೆಯವರ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎರಡು ಚೀಲ ಹೊತ್ತು ಲೋಕಲ್ ಹಿಡಿದು ಹೋಟೆಲಿನಿಂದ ಹೋಟೆಲಿಗೆ ಹೋಗುವುದು. ಬಾಟಲಿ ಗೋಡೆಯ ಕಡೆ ತಿರುಗಿದ್ದರೆ ಇವರು ತಿರುಗಿಸಿ ಇಡುವುದು. ಮುಖದ ಮೇಲೆ ಚಟ್ನಿ ಸಿಡಿದಿದ್ದರೆ ಪಂಚೆಯ ತುದಿಯಿಂದ ಒರೆಸುವುದು. ಇದು ಗೋರೆಗಾಂವಿನ ಒಂದು ಹೋಟೆಲಿನಲ್ಲಿ ನಾನೇ ಕಂಡದ್ದು. ಹೋಟೆಲಿನವರು, “ಎಂತ ಮಾರಾಯ್ರೆ, ಎಣ್ಣೆ ಮಾರ್ಲಿಕ್ಕೆ ಬಂದದ್ದಾ, ಮಗಳನ್ನು ನೋಡ್ಲಿಕ್ಕೆ ಬಂದದ್ದಾ?” ಎಂದು ನಗೆಯಾಡಿದರು. ಇವರು, “ಎರಡೂ” ಎಂದರು.

ಮಧ್ಯಾಹ್ನ ಅವರು ಇರುತ್ತಿರಲಿಲ್ಲ. ಅಕ್ಕ ಒಬ್ಬರೇ ಕೂತು ಮೈದಾ ಅಂಟಿನಿಂದ ಚೀಟಿ ಅಂಟಿಸುತ್ತಿದ್ದರು. ಹಲಗೆಗೋಡೆಯಾಚೆಯಿಂದ ಅವರ ಮಾತು ಕೇಳುತ್ತಿತ್ತು. “ಕಾಲು ಮಡಚಿ ಕೂತುಕೋ, ಬಟ್ಟಲು ಬೀಳ್ತದೆ.” ಸ್ವಲ್ಪ ಬಿಟ್ಟು, “ಹಾಗೆಲ್ಲ ಹೇಳಬಾರದು. ಅಪ್ಪ ಅಲ್ವಾ?” ಮತ್ತೆ ಸ್ವಲ್ಪ ಬಿಟ್ಟು ನಗು. ನಾನು ಕೇಳಿದ್ದು ಒಂದೇ ಧ್ವನಿ. ಆದರೆ ಎರಡು ಮಾತಿನ ನಡುವೆ ಅವರು ಬಿಡುತ್ತಿದ್ದ ಜಾಗ ಒಂದೊಂದು ಸಲ ಚಿಕ್ಕದು, ಒಂದೊಂದು ಸಲ ದೊಡ್ಡದು. ಉತ್ತರಕ್ಕೆ ಎಷ್ಟು ಬೇಕೋ ಅಷ್ಟು. ಒಮ್ಮೆ ಹಿಟ್ಟಿನ ಜರಡಿ ಕೇಳಲು ಹೋದ ನನ್ನ ಹೆಂಡತಿ ಬರಿಗೈಯಲ್ಲಿ ತಿರುಗಿ ಬಂದಳು.

“ಊಟಕ್ಕ ಕುಂತಾರ್ರಿ. ಆಮ್ಯಾಲೆ ಹೋಗ್ತೀನಿ” ಎಂದಳು.

“ಯಾರು?”

ಅವಳು ನನ್ನನ್ನು ನೋಡಿದಳು. “ಎರಡು ಮಣಿ ಹಾಕ್ಯಾರ. ಎರಡು ಎಲಿ. ನಾ ಏನ್ ಕೇಳಲಿ?”

ಹುಡುಗಿಗೆ ಸಂಬಂಧಗಳು ಬರತೊಡಗಿದವು. ಒಂದು ವರ್ಷದಲ್ಲಿ ಮೂರು ಬಂದವು, ಮೂರೂ ಬದುಕಿದ್ದವರಿಂದ. ಅಂಧೇರಿಯ ಹೋಟೆಲೊಂದರ ಮ್ಯಾನೇಜರ್ ತಮ್ಮನಿಗೆ ಕೇಳಿದ; ಇನ್ನಿಬ್ಬರು ತಾವೇ ಬಂದು ಜಾತಕ ಕೊಟ್ಟರು. ಎಣ್ಣೆಯವರು ಪ್ರತಿಯೊಬ್ಬರಿಗೂ ಚಹಾ ಕೊಟ್ಟು, ಮಗಳು ತೀರಿಕೊಂಡವಳೆಂದು ಹೇಳಿ ಕಳಿಸಿದರು. ಮೂರನೆಯವನು ನಂಬಲಿಲ್ಲ. ಹಿಂದಿನ ಭಾನುವಾರ ಮಲಾಡ್ ಸ್ಟೇಷನ್ನಿನ ಸೇತುವೆಯ ಮೇಲೆ ಅಕ್ಕನ ಪಕ್ಕದಲ್ಲಿ ಅವಳನ್ನು ಕಂಡಿದ್ದೇನೆ ಎಂದು ವಾದಿಸಿದ. ಇದು ಎಣ್ಣೆಯವರು ಹೇಳಿದ್ದು.

ಚೀಟಿ ಬಂದು ಎರಡು ವರ್ಷವಾಗುತ್ತಿದ್ದಾಗ, ಮಳೆಗಾಲದ ಮೊದಲಿಗೆ ಎಣ್ಣೆ ಕೆಡತೊಡಗಿತು. ಕೆಟ್ಟದ್ದು ಹೇಗೆಂದರೆ, ಉರುಳಿಯ ಸದ್ದು ನಿಲ್ಲಲೇ ಇಲ್ಲ. ಅಕ್ಕ ಕಿವಿಗೊಟ್ಟು ಕಾದರು. ಚಟಪಟ ನಡೆದೇ ಇತ್ತು. ಇದ್ದಿಲು ತೆಗೆದರು, ಆಗಲೂ ಇತ್ತು. ನನ್ನನ್ನು ಕರೆದರು. ಕಂಚು ಕಾವು ಹಿಡಿದಿಡುತ್ತದೆ, ಅದಕ್ಕೆ ಎಂದೆ. ಹಾಗೆನ್ನುತ್ತ ಉರುಳಿಯನ್ನು ಮುಟ್ಟಿದೆ. ಅದು ಆರಿತ್ತು. ಸದ್ದು ಮಾತ್ರ ನನ್ನ ಕೈಯ ಕೆಳಗೇ ಬರುತ್ತಿತ್ತು. ಸೊಪ್ಪಿನಲ್ಲಿ ನೀರು ಹೆಚ್ಚಾಗಿರಬೇಕು ಎಂದೆ. ಮೂರು ಸಲ ಕಾಸಿದ ಎಣ್ಣೆಯನ್ನೂ ಚೆಲ್ಲಬೇಕಾಯಿತು.

ಅಕ್ಕ ಊರಿಗೆ ಕಾಗದ ಬರೆಸಿದರು. ಅಲ್ಲಿ ಪ್ರಶ್ನೆ ನೋಡುವವರಲ್ಲಿ ಕೇಳಿಸಿ ಉತ್ತರ ಬಂತು: ಹುಡುಗಿ ಪ್ರಾಯಕ್ಕೆ ಬಂದಿದ್ದಾಳೆ, ಮದುವೆ ಕೇಳುತ್ತಿದ್ದಾಳೆ. ತನ್ನಂತೆಯೇ ಹೋದ ಹುಡುಗನಿಗೆ ಕೊಡಬೇಕು. ಅವರ ಕಡೆಯಲ್ಲಿ ಇದು ನಡೆಯುವ ಕಾರ್ಯ. ಬದುಕಿದವರಿಗೆ ಶುಭವಿಲ್ಲದ ಆಟಿ ತಿಂಗಳಲ್ಲಿ, ಜೋರು ಮಳೆಯಲ್ಲಿ, ಸತ್ತವರ ಮದುವೆ ಮಾಡುತ್ತಾರೆ.

ಗಂಡು ತಾನಾಗಿ ಬಂತು. ವಿಲೆ ಪಾರ್ಲೆಯ ಹೋಟೆಲು ಮಾಲೀಕರೊಬ್ಬರು ತಮ್ಮ ಅಕ್ಕನೊಡನೆ ಒಂದು ಮಧ್ಯಾಹ್ನ ಚಾಳಿಗೆ ಬಂದರು. ಅವರ ಮಗ ಆರು ವರ್ಷದವನಿದ್ದಾಗ ಊರಿನಲ್ಲಿ ಕೆರೆಗೆ ಬಿದ್ದು ಹೋದವನು, ಈಗ ಇಪ್ಪತ್ನಾಲ್ಕು. ಎಣ್ಣೆಯವರು ನನ್ನನ್ನೂ ಕರೆದು ಕೂರಿಸಿಕೊಂಡಿದ್ದರು.

“ಎರಡು ವರ್ಷ ಆಯ್ತು, ನಮ್ಮ ಗಲ್ಲಾದಲ್ಲಿ ಇಟ್ಟು” ಎಂದರು ಪಾರ್ಲೆಯವರು. “ನನಗೆ ತಿಳಿಯಲಿಲ್ಲ. ಅಕ್ಕ ಹೋದ ವಾರ ನೋಡಿ ಹೇಳಿದಳು.”

ಅಕ್ಕ, ಅಂದರೆ ಪಾರ್ಲೆಯ ಹಿರಿಯ ಹೆಂಗಸು, ಸೆರಗಿನಿಂದ ಬಾಟಲಿ ತೆಗೆದು ನೆಲದ ಮೇಲಿಟ್ಟರು. “ಬದುಕಿದವರ ಕಣ್ಣು ಹೀಗಿರುವುದಿಲ್ಲ. ಇದರಲ್ಲಿ ಚುಕ್ಕೆ ಇಲ್ಲ ನೋಡಿ.”

ನೋಡಿದೆ. ಎರಡು ವರ್ಷದಿಂದ ದಿನವೂ ಕಾಣುತ್ತಿದ್ದ ಚೀಟಿ. ಕಣ್ಣಿನ ಕಪ್ಪಿನಲ್ಲಿ ಬೆಳಕಿನ ಬಿಳಿ ಚುಕ್ಕೆ ಇರಲಿಲ್ಲ. ಮುಂದಿನ ವಾರ ದಾದರಿಗೆ ಹೋಗಿ ಮೂಲ ಚಿತ್ರ ತೆಗೆಸಿ ನೋಡಿದೆ. ಅದರಲ್ಲಿ ಚುಕ್ಕೆ ಇತ್ತು. ಅಷ್ಟು ಸಣ್ಣ ಬಿಳಿಯೊಳಗೆ ಶಾಯಿ ತುಂಬಿಕೊಳ್ಳುತ್ತದೆ, ಸಾಮಾನ್ಯ ಎಂದ ಪ್ರೆಸ್ಸಿನವನು. ಅದು ಸರಿಯಾದ ಕಾರಣವೇ. ಆದರೆ ಕರಡು ತಿದ್ದಿದವನು ನಾನು, ಮತ್ತು ನಾನು ಅದನ್ನು ಕಂಡಿರಲಿಲ್ಲ.

ಎರಡೂ ಮನೆಗಳ ಮೂಲ ಕೇಳಿದರು. ಬೇರೆ ಬೇರೆ ಕವಲು, ಸಂಬಂಧ ಕೂಡುತ್ತದೆ ಎಂದಾಯಿತು. ಆಮೇಲಿನ ಮಾತು ಯಾವ ಹೆಣ್ಣು ನೋಡುವ ಮನೆಯಲ್ಲಿಯೂ ನಡೆಯುವಂಥದ್ದು.

“ಬಣ್ಣ ಸ್ವಲ್ಪ ಕಡಿಮೆಯಾ ಅಂತ” ಎಂದರು ಹಿರಿಯ ಹೆಂಗಸು, ಚೀಟಿ ನೋಡುತ್ತ.

ಎಣ್ಣೆಯವರಿಗೆ ಸಿಟ್ಟು ಬಂತು. “ಅದು ಪ್ರೆಸ್ಸಿನವನ ಹಸಿರು. ಹುಡುಗಿ ಬಿಳಿಯೇ.”

“ನೀವು ನೋಡಿದ್ದೀರಾ?”

ಒಳಗಿಂದ ನಮ್ಮ ಅಕ್ಕ, “ಎಣ್ಣೆಗೆಂಪು. ನನ್ನ ಅತ್ತೆಯ ಬಣ್ಣ” ಎಂದರು. ಅಲ್ಲಿಗೆ ಬಣ್ಣದ ಮಾತು ಮುಗಿಯಿತು.

ಏಳುವ ಮುಂಚೆ ಪಾರ್ಲೆಯವರು ಷರತ್ತು ಹೇಳಿದರು. ಒರಟಾಗಿ ಹೇಳಲಿಲ್ಲ, ಕೈ ಮುಗಿದೇ ಹೇಳಿದರು. “ಒಂದು ಮಾತು. ಮದುವೆ ಆದ ಮೇಲೆ ಅವಳು ನಮ್ಮ ಮನೆಯ ಸೊಸೆ. ಸೊಸೆಯ ಮುಖ ಅಂಗಡಿಯಲ್ಲಿ ಇರಬಾರದು. ನನ್ನ ಗಲ್ಲಾದ ಮುಂದೆ ನಿಂತು ಬೀಡಿ ಕಚ್ಚಿಕೊಂಡು ಎಷ್ಟು ಜನ ಅವಳನ್ನು ನೋಡ್ತಾರೆ, ನಾನೇ ಕಂಡಿದ್ದೇನೆ. ಚೀಟಿ ಎಲ್ಲ ಹಿಂದೆ ತರಿಸಬೇಕು. ಆ ಅಚ್ಚು ಉಂಟಲ್ಲ, ಅದನ್ನು ಹುಡುಗಿಯೊಟ್ಟಿಗೆ ನಮಗೆ ಕೊಡಬೇಕು.”

ಎಂಟು ದಿನದಲ್ಲಿ ತಿಳಿಸಿ ಎಂದು ಹೇಳಿ ಅವರು ಹೋದರು.

ಆ ಎಂಟು ದಿನ ಎಣ್ಣೆಯವರು ಚೀಲ ಹೊತ್ತು ಫೇರಿಗೆ ಹೋಗಲಿಲ್ಲ. ಮುಖ ತೆಗೆದರೆ ಬ್ರಾಂಡ್ ಇಲ್ಲ, ಅದು ಅವರಿಗೂ ನನಗೂ ಗೊತ್ತಿತ್ತು. ಓದಲು ಬಾರದ ಗಿರಾಕಿಗೆ ಅದು ಮತ್ತೆ ಬೋಳು ಬಾಟಲಿ. ನಾನು ಅಷ್ಟನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಐದನೆಯ ದಿನ ಮಧ್ಯಾಹ್ನ ಗೋಡೆಯಾಚೆ ಅವರ ಮಾತು ಕೇಳಿಸಿಕೊಂಡಾಗ ಲೆಕ್ಕ ತಪ್ಪಿದ್ದು ತಿಳಿಯಿತು.

“ವ್ಯಾಪಾರ ಹೋದರೆ ಹೋಗಲಿ” ಎನ್ನುತ್ತಿದ್ದರು ಎಣ್ಣೆಯವರು. “ಮತ್ತೆ ಕಾವಲಿಗೆ ನಿಲ್ತೇನೆ. ನಾನು ಅವಳನ್ನು ನೋಡ್ಲಿಕ್ಕೆ ಶುರು ಮಾಡಿದ್ದೇ ಎರಡು ವರ್ಷ ಆಯ್ತು. ನಿನಗೆ ಎಂಟು ತಿಂಗಳು ಇದ್ದಳು. ಈಗಲೂ ಇದ್ದಾಳೆ, ನೀನು ಮಾತಾಡ್ತಿ. ನನಗೆ ಎಂತ ಉಂಟು? ಆ ಚೀಟಿ ಬಿಟ್ಟರೆ ಎಂತ ಉಂಟು ನನಗೆ?”

ಅಕ್ಕ ಹೇಳಿದರು. “ಅವಳು ಹೋಗ್ತೇನೆ ಅಂತಿದ್ದಾಳೆ. ಬಾಗಿಲ ಹತ್ತಿರ ಕೂತಿದ್ದಾಳೆ ಐದು ದಿನದಿಂದ. ನೀವು ಅವಳನ್ನು ಬಾಟಲಿಗೆ ಅಂಟಿಸಿ ಇಟ್ಟಿದ್ದೀರಿ.”

“ನಾನು ಚೆನ್ನಾಗಿ ನೋಡಿಕೊಂಡೆ.”

“ಹೌದು. ಒರೆಸ್ತಿದ್ದಿರಿ. ಅವಳೇ ಹೇಳಿದಳು.”

ಆ ಸಂಜೆ ಎಣ್ಣೆಯವರು ನಮ್ಮ ಬಾಗಿಲಿಗೆ ಬಂದು, ಪಾರ್ಲೆಗೆ ಒಪ್ಪಿಗೆಯ ಕಾಗದ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಮೂರು ಸಾಲು.

ಆಟಿ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ದಿಬ್ಬಣ ಬಂತು, ಲೋಕಲಿನಲ್ಲಿ. ಸ್ಟೇಷನ್ನಿಗೆ ಎದುರುಗೊಳ್ಳಲು ನನ್ನನ್ನು ಕಳಿಸಿದ್ದರು. ಮಳೆ ಹೊಯ್ಯುತ್ತಿತ್ತು. ಎಂಟು ಮಂದಿ ಇಳಿದರು. ಪಾರ್ಲೆಯವರು ಮತ್ತು ಇನ್ನೊಬ್ಬ ಗಂಡಸು ಸ್ವಲ್ಪ ಅಂತರ ಬಿಟ್ಟು ನಿಂತು, ನಡುವೆ ಒಂದು ದೊಡ್ಡ ಕಪ್ಪು ಕೊಡೆ ಹಿಡಿದುಕೊಂಡರು. ಕೊಡೆಯ ಕೆಳಗೆ ಯಾರೂ ಇರಲಿಲ್ಲ. ಅವರಿಬ್ಬರೂ ನೆನೆಯುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಹಿಡಿಯಲು ಓಡಿಬರುತ್ತಿದ್ದ ಜನ ಅವರಿಗೆ ಅಡ್ಡ ಬಂದರು. ಆ ಖಾಲಿ ಜಾಗದಲ್ಲಿ ನುಗ್ಗಿ ಹೋಗುವುದು ಸುಲಭವಿತ್ತು. ಮುಂಬಯಿಯ ಜನ ಅಂಥ ಜಾಗ ಬಿಡುವವರಲ್ಲ. ಆದರೂ ಒಬ್ಬರೂ ನುಗ್ಗಲಿಲ್ಲ. ಎಲ್ಲರೂ ಸುತ್ತು ಹಾಕಿ ಹೋದರು, ಕೆಲವರು ಒಬ್ಬ ಮನುಷ್ಯನಿಗೆ ತಾಗದಂತೆ ಭುಜ ಓರೆ ಮಾಡಿದರು. ಅವರು ಕೊಡೆಯ ಅಂಚಿಗಾಗಿ ಹಾಗೆ ಮಾಡಿರಬಹುದು.

ಮದುವೆಯಾಗದವರು ನೋಡಬಾರದೆಂದು ಚಾಳಿನ ಮಕ್ಕಳನ್ನೆಲ್ಲ ಆಚೆ ಕಳಿಸಿದ್ದರು. ಖೋಲಿಯಲ್ಲಿ ಎರಡು ಮಣೆ. ಗಂಡಿನ ಮಣೆಯ ಮೇಲೆ ಮಡಿಸಿದ ಪಂಚೆ, ಶಲ್ಯ, ಹೆಬ್ಬೆರಳುದ್ದದ ಬೆಳ್ಳಿಯ ಗೊಂಬೆ. ಹೆಣ್ಣಿಗೂ ಬೆಳ್ಳಿಯ ಗೊಂಬೆ ತಂದಿದ್ದರು. ಎಣ್ಣೆಯವರು ಬೇಡವೆಂದರು. ಟ್ರಂಕಿನಿಂದ ಬ್ಲಾಕನ್ನು ತೆಗೆದರು. ಸೀಮೆಎಣ್ಣೆಯಲ್ಲಿ ತೊಳೆದು ಶಾಯಿ ಬಿಡಿಸಿದ್ದರು, ಸತು ಹೊಳೆಯುತ್ತಿತ್ತು. ಅಕ್ಕ ಅದನ್ನು ತಮ್ಮ ಮದುವೆಯ ಸೀರೆಯಲ್ಲಿ ಸುತ್ತಿ, ಮುಖ ಮಾತ್ರ ಕಾಣುವಂತೆ ಮಣೆಯ ಮೇಲೆ ನಿಲ್ಲಿಸಿದರು. ಬ್ಲಾಕಿನಲ್ಲಿ ಎಲ್ಲವೂ ಎಡಬಲ ಅದಲುಬದಲಾಗಿರುತ್ತದೆ. ಎರಡು ವರ್ಷ ನಮ್ಮ ಎಡಕ್ಕೆ ನೋಡುತ್ತಿದ್ದವಳು ಈಗ ಬಲಕ್ಕೆ, ಗಂಡಿನ ಕಡೆಗೆ ತಿರುಗಿದ್ದಳು. ಅಲ್ಲಿದ್ದವರಿಗೆಲ್ಲ ಅದು ಕಂಡಿತು. ಪಾರ್ಲೆಯ ಹಿರಿಯ ಹೆಂಗಸು ಕಣ್ಣೊರೆಸಿಕೊಂಡರು. ಕಾರಣ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮದುಮಕ್ಕಳು ಅಲಂಕಾರ ಮಾಡಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಂತೆವು. ಬಾಗಿಲು ಹಾಕಿತ್ತು. ಒಳಗೆ ಯಾರೂ ಇರಲಿಲ್ಲ, ಹೊರಗಿದ್ದವರನ್ನು ಎಣಿಸಿದ್ದೆ. ನನ್ನ ಹೆಂಡತಿ ನನ್ನ ತೋಳು ಹಿಡಿದಳು. “ಬಳಿ ಸಪ್ಪಳ ಕೇಳಿದ್ರ್ಯಾ?” ಎಂದು ಪಿಸುಗುಟ್ಟಿದಳು. ಮಳೆಯ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ.

ಧಾರೆ ಎರೆದದ್ದು ಎಣ್ಣೆಯವರು. ಅಕ್ಕಿ ಹಾಕಿದೆವು, ಊಟವಾಯಿತು. ಎರಡು ಎಲೆಗೆ ಬಡಿಸಿ ಹಾಗೆಯೇ ಬಿಟ್ಟರು. ಹೊರಡುವಾಗ ಸೀರೆಯ ಗಂಟನ್ನು ಪಾರ್ಲೆಯ ಹಿರಿಯ ಹೆಂಗಸು ಎದೆಗೆ ಒತ್ತಿ ಎತ್ತಿಕೊಂಡರು. ಎಣ್ಣೆಯವರು, “ಒಂದು ನಿಮಿಷ” ಎಂದು ಹತ್ತಿರ ಹೋಗಿ, ಪಂಚೆಯ ತುದಿಯಿಂದ ಸತುವಿನ ಮುಖವನ್ನು ಒಮ್ಮೆ ಒರೆಸಿ ಸೆರಗು ಮುಚ್ಚಿದರು. ಈ ಸಲ ಕೊಡೆಯ ಕೆಳಗೆ ಬಿಟ್ಟ ಜಾಗ ಬರುವಾಗ ಇದ್ದದ್ದಕ್ಕಿಂತ ಅಗಲವಿತ್ತು.

ಮರುದಿನದಿಂದ ಅವರು ಅಂಗಡಿ ಅಂಗಡಿಗೆ ಹೋಗಿ ಬಾಟಲಿ ಹಿಂದೆ ತಂದರು. ಅಕ್ಕ ಮೋರಿಯ ಕಟ್ಟೆಯ ಹತ್ತಿರ ಹಿತ್ತಾಳೆಯ ಹಂಡೆಯಲ್ಲಿ ನೀರು ತುಂಬಿಸಿ ಬಾಟಲಿಗಳನ್ನು ನೆನೆಹಾಕಿದರು. ಅಂಟು ಬಿಟ್ಟ ಚೀಟಿಗಳು ಒಂದೊಂದಾಗಿ ಮೇಲೆದ್ದವು. ಒಂದು ಮಧ್ಯಾಹ್ನ ನಾನು ಕೈ ತೊಳೆಯಲು ಹೋದಾಗ ಹಂಡೆಯ ತುಂಬ ಅವಳೇ, ಒಬ್ಬಳ ಮೇಲೊಬ್ಬಳು, ಎಲ್ಲರೂ ಮೇಲೆ ನೋಡುತ್ತ ನಿಧಾನವಾಗಿ ತಿರುಗುತ್ತಿದ್ದರು. ಬೇರೆ ಮನೆಯ ಸೊಸೆಯನ್ನು ಗಟಾರಕ್ಕೆ ಚೆಲ್ಲುವಂತಿರಲಿಲ್ಲ. ಚೀಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಮಾರ್ವೆಯ ಕಡಲಿಗೆ ಬಿಟ್ಟು ಬಂದರು. ಒಂದನ್ನಾದರೂ ಇಟ್ಟುಕೊಂಡಿರಾ ಎಂದು ಎಣ್ಣೆಯವರನ್ನು ಕೇಳಿದೆ. “ಮಾತು ಕೊಟ್ಟಾಗಿದೆ” ಎಂದರು.

ಉರುಳಿಯ ಸದ್ದು ಆಮೇಲೆ ಸರಿಯಾದ ಹೊತ್ತಿಗೆ ನಿಂತಿತು. ಎಣ್ಣೆ ಚೆನ್ನಾಗಿ ಬಂತು. ಹೊಸ ಚೀಟಿಗೆ ಹೊಸ ಚಿತ್ರ ಹುಡುಕೋಣ ಎಂದೆ. ಎಣ್ಣೆಯವರು ಒಪ್ಪಲಿಲ್ಲ. ಪ್ರೆಸ್ಸಿನಲ್ಲಿ ಅಕ್ಷರಗಳೂ ಚೌಕಟ್ಟೂ ಹಾಗೆಯೇ ಇದ್ದವು. ಮುಖದ ಬ್ಲಾಕ್ ಒಂದು ಇರಲಿಲ್ಲ. ಹಾಗೆಯೇ ಅಚ್ಚು ಹಾಕಿ ಎಂದರು. ಹಸಿರು ಅಂಚು, ಕಪ್ಪು ಹೆಸರು, ನಡುವೆ ಮೊಟ್ಟೆಯಾಕಾರದ ಬಿಳಿ ಕಾಗದ. ಇದು ಮಾರಾಟವಾಗುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ.

ಮಾರಾಟವಾಯಿತು. ಪಾರ್ಲೆಯವರು ಈಗ ಬೀಗರು. ತಮ್ಮ ಗಲ್ಲಾದಲ್ಲಿ ಇಟ್ಟದ್ದಲ್ಲದೆ ಪರಿಚಯದ ಹೋಟೆಲಿನವರಿಗೆಲ್ಲ ಹೇಳಿದರು. ಹುಡುಗಿ ಎಲ್ಲಿ ಎಂದು ಕೇಳಿದವರಿಗೆ ಎಣ್ಣೆಯವರು ಒಂದೇ ಉತ್ತರ ಕೊಡುತ್ತಿದ್ದರು: “ಮದುವೆ ಆಯ್ತು. ಪಾರ್ಲೆಗೆ ಕೊಟ್ಟಿದ್ದೇವೆ.” ಹೆಂಗಸರು ತಲೆ ತೂಗಿ ಬಾಟಲಿ ಕೊಳ್ಳುತ್ತಿದ್ದರು. ‘ಮುಲ್ಗೀ ಛಾಪ್’ ಎನ್ನುವ ಹೆಸರೂ ಹೋಗಲಿಲ್ಲ.

ಆಮೇಲಿನ ಚಳಿಗಾಲದಲ್ಲಿ ಗೋರೆಗಾಂವಿನ ಆ ಮರಾಠಿ ಹೆಂಗಸು, ಹಿಂದೆ ಕೂಗಾಡಿದವಳು, ಚಾಳಿಗೇ ಬಂದು ಎರಡು ಬಾಟಲಿ ಕೊಂಡಳು. ಎಣ್ಣೆಯವರು ಅಂಟಿನ ಬಟ್ಟಲಿನ ಮುಂದೆ ಕೂತಿದ್ದರು, ನಾನು ಬಾಗಿಲಲ್ಲಿದ್ದೆ. ಅವಳು ಚೀಟಿಯನ್ನು ಬೆರಳಿನಿಂದ ಮುಟ್ಟಿ, ಈ ಸಲ ಹುಡುಗಿಯ ಮುಖ ತುಂಬಿಕೊಂಡಿದೆ, ಅತ್ತೆ ಮನೆಯ ಊಟ ಹಿಡಿಸಿರಬೇಕು ಎಂದು ನಗುತ್ತ ಹೋದಳು. ಅವಳ ದೃಷ್ಟಿ ಚೆನ್ನಾಗಿಯೇ ಇತ್ತು. ಚಿಲ್ಲರೆಯಲ್ಲಿ ಸವೆದ ಒಂದಾಣೆಯನ್ನು ಆರಿಸಿ ಹಿಂದೆ ಕೊಟ್ಟಿದ್ದಳು. ಅದೇ ತಿಂಗಳು ಇನ್ನೂ ಇಬ್ಬರು ಹಾಗೆಯೇ ಹೇಳಿದರೆಂದು ಎಣ್ಣೆಯವರು ಹೇಳಿದರು. ಅಕ್ಕನನ್ನು ಕೇಳಿದರೆ, “ಮತ್ತೆ? ಇರುವುದನ್ನು ಹೇಳಿದರು” ಎನ್ನುತ್ತಾರಂತೆ.

ಎಣ್ಣೆಯವರು ಆಗಷ್ಟೇ ಚೀಟಿ ಅಂಟಿಸಿದ ಬಾಟಲಿಯೊಂದನ್ನು ನನ್ನ ಕೈಗೆ ಕೊಟ್ಟರು. ಕಿಟಕಿಯ ಬೆಳಕಿಗೆ ಹಿಡಿದೆ. ಓರೆಯಾಗಿಸಿ ನೋಡಿದೆ. ಬಿಳಿ ಕಾಗದ, ಅಂಟು ಇನ್ನೂ ಹಸಿ.

“ನಿಮಗೆ ಕಾಣ್ತಾಳಾ, ಪೇಪರಿನವರೇ?”

“ಇಲ್ರಿ.”

“ನನಗೂ ಇಲ್ಲ” ಎಂದರು. ಬಾಟಲಿಯನ್ನು ವಾಪಸು ತೆಗೆದುಕೊಂಡು, ಮುಖ ಇರಬೇಕಾದ ಕಡೆ ತಮ್ಮತ್ತ ತಿರುಗಿಸಿ ನೆಲದ ಮೇಲಿಟ್ಟರು. ಮುಂದಿನ ಚೀಟಿಗೆ ಅಂಟು ಸವರತೊಡಗಿದರು.